ಸ್ಟ್ರಟ್‌ಗೆ ಬೇರೆ ಕೆಲಸಗಳೂ ಇವೆ

ಕಾರನ್ನು ಬೇಕಾದಾಗ ಎತ್ತಿ ಇಳಿಸಲು, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿ ಒಂದೇ ಕಂಬದಂತಿರುವ ಸಸ್ಪೆನ್ಷನ್ ಭಾಗ) ಇರುವ ಕಾರಿನಲ್ಲಿ ಸ್ಪ್ರಿಂಗ್ ಬಿಚ್ಚಿ ಹೈಡ್ರಾಲಿಕ್ ಸಿಲಿಂಡರ್ ಕೂರಿಸಿದರೆ ಮುಗೀತು ಅಂತ ಬರೆದಿದ್ದೀರಿ. ಇದನ್ನು ಒಪ್ಪೋಕೆ ಆಗಲ್ಲ. ಮುಂದಿನ ಚಕ್ರಕ್ಕಿರುವ ಮ್ಯಾಕ್‌ಫರ್ಸನ್ ಬಗೆಯ ಸ್ಟ್ರಟ್ ಚಕ್ರವನ್ನು ನೆಟ್ಟಗೆ ಹಿಡಿಯುತ್ತದೆ, ಸ್ಟೀರಿಂಗ್ ಜೊತೆ ತಾನೂ ತಿರುಗುತ್ತದೆ, ಕುಲುಕಾಟವನ್ನೂ ತಡೆಯುತ್ತದೆ. ಮಾಮೂಲಿ ಸಿಲಿಂಡರ್ ಪಕ್ಕದಿಂದ ಬೀಳುವ ಒತ್ತಡಕ್ಕೆ ಮಾಡಿದ್ದಲ್ಲ. ರಾಡ್ ಒಂದೇ ಕಡೆ ಸವೆದು ಸೀಲ್‌ನಿಂದ ಎಣ್ಣೆ ಜಿನುಗಲು ಶುರುವಾಗುತ್ತದೆ. ಏಟನ್ನು ಹೀರಿಕೊಳ್ಳುವ ಗ್ಯಾಸ್ ತುಂಬಿದ ಅಕ್ಯುಮುಲೇಟರ್ ಇಲ್ಲದಿದ್ದರಂತೂ ಪ್ರತಿ ಗುಂಡಿಯ ಏಟು ನೇರವಾಗಿ ಸ್ಟ್ರಟ್ ಟವರ್ (ಸ್ಟ್ರಟ್‌ನ ತಲೆ ಕೂರುವ ಕಾರಿನ ಬಾಡಿಯ ಜಾಗ) ಮೇಲೇ ಬೀಳುತ್ತದೆ.

ತಪಾಸಣೆಗೆ ಮುಂಚೆ ಕಾರನ್ನು ಪೂರ್ತಿ ಇಳಿಸಿ, ಪೂರ್ತಿ ಎತ್ತಿ, ಎರಡರಲ್ಲೂ ಸ್ಟೀರಿಂಗ್ ಕೊನೆವರೆಗೆ ತಿರುಗಿಸಿ ನೋಡಿ. ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಂಡಿದ್ದರೆ, ಟೈರ್ ಮಡ್‌ಗಾರ್ಡ್ ಒಳಗೆ ಉಜ್ಜುತ್ತಿದ್ದರೆ ತಪಾಸಣೆ ಮಾಡುವವರು ಫೇಲ್ ಮಾಡಲೇಬೇಕು, ಅಲ್ವಾ? ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಎರಡನ್ನೂ ನೀವು ದಿನಾ ಓಡಿಸುವ ಎತ್ತರದಲ್ಲೇ ಸೆಟ್ ಮಾಡಿಸಿ.