ಮೂಗಿಗಿಂತ ಮೂಗುತಿ ಭಾರ: ಬಾಡಿಗೆ ಕಾರಿನ ಬಿಲ್ಲು

ಐದು ದಿನಕ್ಕೆ ಅಂತ ಒಂದು ಕಾರು ಬಾಡಿಗೆಗೆ ತಗೊಂಡಿದ್ದೆ. ವಾಪಸ್ ತಂದು ನಿಲ್ಲಿಸಿ, ಕೀ ಒಪ್ಪಿಸಿ, ಥ್ಯಾಂಕ್ಸ್ ಹೇಳಿ ಬಂದೆ. ಹನ್ನೊಂದನೇ ದಿನ ಫೋನಿಗೆ ಮೆಸೇಜು ಬಂತು, ಕಾರ್ಡಿನಿಂದ ದುಡ್ಡು ಹೋಗಿದೆ. ಐದು ದಿನದ ಬಾಡಿಗೆಗಿಂತ ಜಾಸ್ತಿ. ಅದರ ಹಿಂದೆಯೇ ಒಂದು ಈಮೇಲು, ಈಮೇಲಿನಲ್ಲಿ ಒಂದು ಫೋಟೊ: ಎಡಗಡೆ ಮುಂದಿನ ಚಕ್ರದ ಅಲಾಯ್ ರಿಮ್ಮಿನ ಅಂಚಿನಲ್ಲಿ ನನ್ನ ಕಿರುಬೆರಳಿನಷ್ಟು ಉದ್ದದ ಗೀರು. ಪಕ್ಕದಲ್ಲಿ ಅಳತೆಗೆ ಅಂತ ಸ್ಕೇಲು ಬೇರೆ ಹಿಡಿದಿದ್ದರು.

ಆ ಗೀರು ನಾನೇ ಮಾಡಿದ್ದಾ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಪಾರ್ಕಿಂಗ್ ಮಾಡುವಾಗ ಫುಟ್‌ಪಾತಿನ ಕಲ್ಲಿಗೆ ಸವರಿದ್ದರೂ ಸವರಿರಬಹುದು. ಕಾರು ತಗೊಳ್ಳುವಾಗ ನಾಲ್ಕು ಬಾಗಿಲು, ಎರಡು ಬಂಪರು, ಎಲ್ಲದರ ಫೋಟೊ ತೆಗೆದಿದ್ದೆ. ಚಕ್ರದ ಮುಂದೆ ಮಾತ್ರ ಬಗ್ಗಿರಲಿಲ್ಲ. ಹಾಗಾಗಿ ಜಗಳಕ್ಕೂ ದಾರಿ ಇರಲಿಲ್ಲ.

ಆದರೆ ಬಿಲ್ಲನ್ನು ಬಿಡಿಸಿ ನೋಡಿದಾಗ ಹೊಟ್ಟೆ ಉರಿದಿದ್ದು ಗೀರಿಗಲ್ಲ. ಅದರಲ್ಲಿ ಮೂರು ಸಾಲಿತ್ತು. ರಿಮ್ಮು ಸರಿ ಮಾಡಿಸೋ ಖರ್ಚು ಒಂದು. ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನ ಬೇರೆಯವರಿಗೆ ಬಾಡಿಗೆ ಕೊಡೋಕಾಗಲ್ಲವಲ್ಲ, ಅದಕ್ಕೆ 'ಲಾಸ್ ಆಫ್ ಯೂಸ್' ಅಂತ ಇನ್ನೊಂದು. ಈ ಎರಡನ್ನೂ ಲೆಕ್ಕ ಹಾಕಿ ನನಗೆ ಈಮೇಲ್ ಕಳಿಸಿದ ಶ್ರಮಕ್ಕೆ 'ಅಡ್ಮಿನ್ ಫೀ' ಅಂತ ಮೂರನೆಯದು. ನನ್ನಿಂದ ಎಷ್ಟು ಕಿತ್ಕೋಬೇಕು ಅಂತ ಲೆಕ್ಕ ಹಾಕಿದವರ ಕೂಲಿಯನ್ನೂ ನಾನೇ ಕೊಟ್ಟೆ.

'ಅಲ್ಲಾ ಸ್ವಾಮಿ, ಇನ್ಶೂರೆನ್ಸ್ ಇತ್ತಲ್ಲ?' ಅಂತ ನೀವು ಕೇಳ್ತೀರಿ. ನಾನೂ ಅದನ್ನೇ ಕೇಳಿದ್ದೆ. ಈ ಬರಹ ಬರೀತಿರೋದೇ ಆ ಪ್ರಶ್ನೆಗೋಸ್ಕರ.

ಬುಕ್ ಮಾಡುವಾಗ 'ಸಿಡಿಡಬ್ಲ್ಯು ಸೇರಿದೆ' ಅಂತ ಹಸಿರು ಟಿಕ್ ಮಾರ್ಕು ಹಾಕಿರ್ತಾರಲ್ಲ, ಕೊಲಿಷನ್ ಡ್ಯಾಮೇಜ್ ವೇವರ್, ಅದು ನಾವಂದುಕೊಂಡ ಅರ್ಥದ ಇನ್ಶೂರೆನ್ಸೇ ಅಲ್ಲ. ಕಾರಿಗೆ ಏನಾದರೂ ಆದರೆ ಇಷ್ಟರ ಮೇಲಿನದ್ದನ್ನು ನಿನ್ನ ಹತ್ತಿರ ಕೇಳಲ್ಲ ಅಂತ ಕಂಪನಿ ಕೊಡುವ ಮಾತು, ಅಷ್ಟೇ. ಆ 'ಇಷ್ಟರ ಮೇಲೆ' ಅನ್ನೋದರಲ್ಲೇ ಎಲ್ಲ ಇದೆ. ಆ 'ಇಷ್ಟು' ಅನ್ನೋ ಮೊತ್ತಕ್ಕೆ ಎಕ್ಸೆಸ್ ಅಂತಾರೆ, ಕೆಲವು ಕಡೆ ಡಿಡಕ್ಟಿಬಲ್ ಅಂತಾರೆ. ಡ್ಯಾಮೇಜು ಆ ಮೊತ್ತದ ಒಳಗಿದ್ದರೆ ಪೂರ್ತಿ ನಿಮ್ಮ ಜೇಬಿನಿಂದ. ಎಕ್ಸೆಸ್ ಅನ್ನೋದು ಒಂದು ವಾರದ ಬಾಡಿಗೆಯ ಐದಾರು ಪಟ್ಟು ಇದ್ದರೂ ಆಶ್ಚರ್ಯ ಇಲ್ಲ. ಅಂದರೆ ಗೀರು, ತಗ್ಗು, ಒಡೆದ ಕನ್ನಡಿ, ದಿನನಿತ್ಯ ಆಗೋದೆಲ್ಲ ನಿಮ್ಮ ತಲೆಗೇ. ಕಾರು ಪಲ್ಟಿಯಾದರೆ ಮಾತ್ರ ಆ ಟಿಕ್ ಮಾರ್ಕು ಕೆಲಸಕ್ಕೆ ಬರೋದು.

ಇನ್ನು ಅದರಲ್ಲಿ ಏನೇನು ಸೇರಲ್ಲ ಅನ್ನೋದನ್ನ ಓದಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಸಾಮಾನ್ಯವಾಗಿ ಟೈರು, ರಿಮ್ಮು, ಗಾಜು, ಕಾರಿನ ತಳಭಾಗ, ಮೇಲ್ಛಾವಣಿ, ಒಳಗಿನ ಸೀಟು ಹೊರಗಿರ್ತವೆ. ಕೀ ಕಳೆದರೆ ಇಲ್ಲ, ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿಸಿದರೆ ಇಲ್ಲ. ರಸ್ತೆಯಲ್ಲಿ ಓಡುವ ವಾಹನಕ್ಕೆ ಮೊದಲು ಪೆಟ್ಟು ಬೀಳೋದು ಎಲ್ಲಿಗೆ? ಟೈರಿಗೆ, ತಳಕ್ಕೆ, ಗಾಜಿಗೆ. ಕೊಡೆ ಕೊಟ್ಟು, ಮಳೆ ಬಂದಾಗ ಮಾತ್ರ ಬಿಚ್ಚಬೇಡ ಅಂದ ಹಾಗೆ. ಟಾರಿಲ್ಲದ ರಸ್ತೆಗೆ ಇಳಿಸಿದ್ದರೆ, ಕುಡಿದು ಓಡಿಸಿದ್ದರೆ, ಒಪ್ಪಂದದಲ್ಲಿ ಹೆಸರಿಲ್ಲದ ಭಾವಮೈದ ಸ್ಟೀರಿಂಗ್ ಹಿಡಿದಿದ್ದರೆ ಪಲ್ಟಿಯಾದಾಗಲೂ ಆ ಟಿಕ್ ಮಾರ್ಕಿಗೆ ಬೆಲೆ ಇಲ್ಲ. ಭಾವಮೈದನ ಹೆಸರು ಸೇರಿಸೋಕೂ ದಿನಕ್ಕಿಷ್ಟು ಅಂತ ಫೀ ಇದೆ ಅನ್ನೋದು ಬೇರೆ ಮಾತು. ಅದನ್ನ ಮಾತ್ರ ಕೊಟ್ಟುಬಿಡಿ, ಉಳಿಸೋಕೆ ಹೋಗಬೇಡಿ.

ಈ ಎಕ್ಸೆಸ್ ಎಂಬ ಗುಮ್ಮ ಆಚೆ ಬರೋದು ಯಾವಾಗ? ಬುಕ್ ಮಾಡುವಾಗ ಅಲ್ಲ, ಕೌಂಟರಿನಲ್ಲಿ. ಪ್ರಯಾಣ ಮಾಡಿ ಕಣ್ಣು ಕೆಂಪಾಗಿರುತ್ತೆ, ಹಿಂದೆ ಕ್ಯೂ ಇರುತ್ತೆ, ಮಗು ಅಳ್ತಿರುತ್ತೆ. ಆಗ ಕೌಂಟರಿನವರು ತುಂಬ ಮೆಲ್ಲಗೆ ಕೇಳ್ತಾರೆ, 'ಬೇಸಿಕ್ ಕವರ್ ಮಾತ್ರ ಇದೆ ಸರ್, ಏನಾದರೂ ಆದರೆ ಇಷ್ಟು ಕಟ್ಟಬೇಕಾಗುತ್ತೆ. ಪರವಾಗಿಲ್ವಾ?' ಆ 'ಪರವಾಗಿಲ್ವಾ'ಗೆ ಎಂಥವರೂ ಸೋಲ್ತಾರೆ. ಜೀರೋ ಎಕ್ಸೆಸ್, ಸೂಪರ್ ಕವರ್ ಅಂತ ಅವರು ಮಾರೋದರ ದಿನದ ಬೆಲೆ ಎಷ್ಟೋ ಸಲ ಕಾರಿನ ದಿನದ ಬಾಡಿಗೆಯನ್ನೇ ಮೀರಿರುತ್ತೆ. ಟ್ಯಾಬ್ಲೆಟ್ಟಿನ ಮೇಲೆ ಬೆರಳಿನಲ್ಲಿ ಸಹಿ ಹಾಕಿಸ್ಕೋತಾರೆ. ಯಾವುದಕ್ಕೆ ಸಹಿ ಹಾಕ್ತಿದ್ದೀವಿ ಅನ್ನೋದು ಸ್ಕ್ರೀನಿನ ಮೇಲುಗಡೆ ಎಲ್ಲೋ ಸ್ಕ್ರಾಲ್ ಆಗಿ ಹೋಗಿರುತ್ತೆ.

ಎಕ್ಸೆಸ್ಸಿಗೆ ಅಂತಲೇ ಬೇರೆ ಇನ್ಶೂರೆನ್ಸ್ ಕಂಪನಿಗಳು ಮಾರುವ ಪಾಲಿಸಿ ಎಷ್ಟೋ ದೇಶಗಳಲ್ಲಿ ಸಿಗುತ್ತೆ, ಮನೆಯಲ್ಲಿ ಕೂತು ಮೊದಲೇ ತಗೋಬಹುದು, ಕೌಂಟರಿನ ಬೆಲೆಯ ಮುಂದೆ ತುಂಬ ಅಗ್ಗ. ಒಂದೇ ತೊಡಕು: ಡ್ಯಾಮೇಜಾದರೆ ಬಾಡಿಗೆ ಕಂಪನಿಗೆ ಮೊದಲು ನೀವು ಕಟ್ಟಬೇಕು, ಆಮೇಲೆ ಕಾಗದ ಪತ್ರ ಕಳಿಸಿ ವಾಪಸ್ ತಗೋಬೇಕು. ಕೌಂಟರಿನಲ್ಲಿ ಆ ಪಾಲಿಸಿ ತೋರಿಸಿದರೆ 'ಅದು ನಮ್ಮಲ್ಲಿ ನಡೆಯಲ್ಲ' ಅಂತಾರೆ. ಅವರು ಹೇಳೋದು ಸುಳ್ಳೂ ಅಲ್ಲ. ಅವರಲ್ಲಿ ನಡೆಯಲ್ಲ, ನಿಮಗೆ ನಡೆಯುತ್ತೆ. ಕೆಲವು ಕ್ರೆಡಿಟ್ ಕಾರ್ಡುಗಳಲ್ಲೂ ಈ ಕವರ್ ಇರುತ್ತೆ, ಷರತ್ತು ಓದಿ ನಂಬಬೇಕು.

ಡಿಪಾಸಿಟ್ ವಿಷಯಾನೂ ಇದರ ಬಾಲವೇ. ಎಕ್ಸೆಸ್ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟನ್ನು ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಬ್ಲಾಕ್ ಮಾಡ್ತಾರೆ. ಕಾರ್ಡು ಓಡಿಸುವವರ ಹೆಸರಲ್ಲೇ ಇರಬೇಕು. ಹೆಂಡತಿಯ ಕಾರ್ಡು ಹಿಡ್ಕೊಂಡು ಹೋದರೆ, ಪೂರ್ತಿ ದುಡ್ಡು ಮೊದಲೇ ಕಟ್ಟಿದ್ದರೂ ಕಾರು ಕೊಡದೆ ಕಳಿಸಬಹುದು. ಲಿಮಿಟ್ ಸಾಲದಿದ್ದರೆ ಮತ್ತದೇ ದಾರಿ, 'ನಮ್ಮ ಕವರ್ ತಗೊಳ್ಳಿ ಸರ್, ಡಿಪಾಸಿಟ್ ಕಮ್ಮಿಯಾಗುತ್ತೆ.'

ಎಲ್ಲ ಚಾರ್ಜೂ ಮೋಸ ಅಂತ ನಾನು ಹೇಳಲ್ಲ. ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ಟರೆ ಆ ಕಾರನ್ನು ಯಾರೋ ಓಡಿಸಿಕೊಂಡು ವಾಪಸ್ ಬರಬೇಕು, ಒನ್ ವೇ ಫೀ ನ್ಯಾಯವೇ. ಇಪ್ಪತ್ತೈದರ ಒಳಗಿನವರಿಗೆ ಹೆಚ್ಚು ವಸೂಲಿ ಮಾಡೋದಕ್ಕೂ ಅಪಘಾತದ ಲೆಕ್ಕ ಇದೆ, ಹುಡುಗರು ಬೈಕೊಂಡರೂ ಸರಿ. ವಿಮಾನ ನಿಲ್ದಾಣದಲ್ಲಿ ಕೌಂಟರ್ ಇಡೋಕೆ ಕಂಪನಿ ನಿಲ್ದಾಣಕ್ಕೆ ದುಡ್ಡು ಕಟ್ಟುತ್ತೆ, ಅದನ್ನ ನಮ್ಮ ಮೇಲೆ ಹಾಕುತ್ತೆ. ಅದೇ ಕಂಪನಿಯ ಊರೊಳಗಿನ ಆಫೀಸಿನಲ್ಲಿ ಅದೇ ಕಾರಿಗೆ ಕಮ್ಮಿ ಇರೋದು ಅದಕ್ಕೇ.

ಇನ್ನು ಕೆಲವು ನಮ್ಮ ಸೋಮಾರಿತನದ ದಂಡ. ಟ್ಯಾಂಕ್ ತುಂಬಿಸಿ ಕೊಡ್ತಾರೆ, ತುಂಬಿಸಿ ತಂದುಕೊಡಿ ಅಂತಾರೆ. ಇದಕ್ಕಿಂತ ನೇರ ವ್ಯವಹಾರ ಇಲ್ಲ. ಕೊನೆ ಗಳಿಗೆಯಲ್ಲಿ ಬಂಕ್ ಹುಡುಕೋಕೆ ಬೇಜಾರಾಗಿ ಹಾಗೇ ಬಿಟ್ಟರೆ ಬಂಕಿನ ದರಕ್ಕಿಂತ ಎಷ್ಟೋ ಹೆಚ್ಚು ದರ, ಅದರ ಮೇಲೆ ತುಂಬಿಸಿದ್ದಕ್ಕೆ ಸರ್ವಿಸ್ ಚಾರ್ಜು. 'ತುಂಬಿಸೋ ತಲೆನೋವೇ ಬೇಡ, ಒಂದು ಟ್ಯಾಂಕಿನ ದುಡ್ಡು ಈಗಲೇ ಕೊಟ್ಟುಬಿಡಿ' ಅನ್ನೋ ಸ್ಕೀಮು ಇನ್ನೂ ಚಂದ. ಸಾಮಾನ್ಯವಾಗಿ ಉಳಿದ ಪೆಟ್ರೋಲಿಗೆ ದುಡ್ಡು ವಾಪಸ್ ಇಲ್ಲ. ಕಾರು ಕೆಮ್ಮುತ್ತಾ ಬಂದು ನಿಲ್ಲುವಷ್ಟು ಖಾಲಿ ಮಾಡಿ ತರೋ ಧೈರ್ಯ ಯಾರಿಗಿದೆ?

ಟೈಮಿನ ವಿಷಯ ಗೊತ್ತಿರಲಿ. ಬಾಡಿಗೆ ಕಾರಿನ ದಿನ ಅಂದರೆ ಕ್ಯಾಲೆಂಡರಿನ ದಿನ ಅಲ್ಲ, ಕೀ ಕೈಗೆ ಬಂದ ಗಳಿಗೆಯಿಂದ 24 ಗಂಟೆ. ಅರ್ಧ ಗಂಟೆಯೋ ಒಂದು ಗಂಟೆಯೋ ರಿಯಾಯಿತಿ ಇದ್ದರೆ ನಿಮ್ಮ ಪುಣ್ಯ, ಅದು ದಾಟಿದರೆ ಇನ್ನೊಂದು ಪೂರ್ತಿ ದಿನ. ಬೇಗ ಕೊಟ್ಟರೆ ದುಡ್ಡು ವಾಪಸ್ ಬರುತ್ತೆ ಅಂದುಕೊಂಡಿದ್ದರೆ ಅದೂ ಮರೆತುಬಿಡಿ. ಕೆಲವರು ವಾರದ ದರ ರದ್ದು ಮಾಡಿ ದಿನದ ದರದಲ್ಲಿ ಹೊಸದಾಗಿ ಲೆಕ್ಕ ಹಾಕ್ತಾರೆ, ಐದು ದಿನಕ್ಕೆ ಏಳು ದಿನಕ್ಕಿಂತ ಹೆಚ್ಚಾಗಿಬಿಡುತ್ತೆ.

ಕಾರು ಬೇರೆ ದೇಶದಲ್ಲಿ ತಗೊಂಡಿದ್ದರೆ ಕಾರ್ಡ್ ಮೆಷಿನ್ ಕೇಳುತ್ತೆ, ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ ಅಂತ. ಬೇಡ ಅನ್ನಿ. ಆ ಲೆಕ್ಕದಲ್ಲಿ ಪರಿವರ್ತನೆಯ ಲಾಭಾನೂ ಕೂತಿರುತ್ತೆ. ಟೋಲ್ ಟ್ಯಾಗಿನ ಬಗ್ಗೆಯೂ ಕೇಳಿ, ಯಾಕೆಂದರೆ ಒಂದು ದಿನ ಟೋಲ್ ದಾಟಿದ್ದಕ್ಕೆ ಬಾಡಿಗೆಯ ಎಲ್ಲ ದಿನಕ್ಕೂ ಟ್ಯಾಗಿನ ಫೀ ಹಾಕೋ ಪುಣ್ಯಾತ್ಮರಿದ್ದಾರೆ. ಟ್ರಾಫಿಕ್ ಫೈನಂತೂ 'ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ' ಅನ್ನೋ ಜಾತಿ. ಪೊಲೀಸರಿಗೆ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯ ಫೀ ಒಂದು, ತಿಂಗಳುಗಳು ಕಳೆದ ಮೇಲೆ ಮನೆಗೆ ಬರುವ ಅಸಲಿ ದಂಡ ಇನ್ನೊಂದು.

ಈಗ ನನ್ನ ಅಸಲಿ ಮಾತಿಗೆ ಬರ್ತೀನಿ, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಇದರಲ್ಲಿ ಅರ್ಧ ತಪ್ಪು ನಮ್ಮದು. ಬುಕಿಂಗ್ ಆ್ಯಪ್ ತೆಗೆದ ತಕ್ಷಣ ನಾವು ಮಾಡೋ ಮೊದಲ ಕೆಲಸ ಏನು? 'ಕಡಿಮೆ ಬೆಲೆ ಮೊದಲು' ಅಂತ ಒತ್ತೋದು. ಎಲ್ಲ ಖರ್ಚೂ ಸೇರಿಸಿ ನಿಜವಾದ ಬೆಲೆ ಹಾಕಿದ ಕಂಪನಿ ಮೂರನೇ ಪುಟಕ್ಕೆ ಹೋಗಿ ಬೀಳುತ್ತೆ. ಬಾಡಿಗೆಯನ್ನು ಪುಕ್ಕಟೆಯಂತೆ ತೋರಿಸಿ ಕೌಂಟರಿನಲ್ಲಿ ಕೊರಳು ಹಿಡಿಯೋನು ಮೇಲೆ ಕೂರ್ತಾನೆ. ಟಿಕೆಟ್ ಮಾರುವ ಸ್ಟಬ್‌ಹಬ್ ತಾಣದಲ್ಲಿ 2015ರಲ್ಲಿ ಒಂದು ಪ್ರಯೋಗ ನಡೆದಿತ್ತು. ಫೀಯನ್ನು ಮೊದಲೇ ನೋಡಿದವರಿಗಿಂತ ಕೊನೆಯ ಪುಟದಲ್ಲಿ ನೋಡಿದವರು ಸುಮಾರು 20% ಹೆಚ್ಚು ಖರ್ಚು ಮಾಡಿದ್ದರು. ಅಲ್ಲಿ ಸುಮ್ಮನೆ ಟಿಕೆಟ್ಟು, ಬೇಡ ಅಂದರೆ ಪುಟ ಮುಚ್ಚಿ ಎದ್ದು ಹೋಗಬಹುದು. ಇಲ್ಲಿ ಲಗೇಜ್ ಹಿಡಿದು ಕೌಂಟರ್ ಮುಂದೆ ನಿಂತವನು ಎಲ್ಲಿಗೆ ಹೋಗಬೇಕು?

ಹಾಗಂತ ಗ್ರಾಹಕರು ಹುಷಾರಾದರೆ ಎಲ್ಲ ಸರಿಹೋಗುತ್ತೆ ಅಂತ ನಾನು ನಂಬಲ್ಲ. ಯುರೋಪಿನಲ್ಲಿ ದೂರುಗಳು ಜಾಸ್ತಿಯಾಗಿ, 2015ರಲ್ಲಿ ಯುರೋಪಿಯನ್ ಕಮಿಷನ್ ಮತ್ತು ಗ್ರಾಹಕ ಪ್ರಾಧಿಕಾರಗಳು ಐದು ದೊಡ್ಡ ಬಾಡಿಗೆ ಕಂಪನಿಗಳನ್ನು ಕೂರಿಸಿ ಒಪ್ಪಿಸಿದವು: ಕಡ್ಡಾಯ ಚಾರ್ಜುಗಳೆಲ್ಲ ಸೇರಿದ ಬೆಲೆಯನ್ನೇ ತೋರಿಸಬೇಕು, ಡ್ಯಾಮೇಜಿಗೆ ದುಡ್ಡು ಎಳೆಯುವ ಮುಂಚೆ ಕಾರಣ, ಸಾಕ್ಷಿ ಕೊಟ್ಟು ಗ್ರಾಹಕನಿಗೆ ಪ್ರಶ್ನೆ ಮಾಡೋಕೆ ಅವಕಾಶ ಕೊಡಬೇಕು ಅಂತ. ನನ್ನ ಪ್ರಕರಣದಲ್ಲಿ ದುಡ್ಡು ಮೊದಲು ಹೋಗಿತ್ತು, ಕಾರಣ ಆಮೇಲೆ ಬಂತು. ಆ ಸಾಲು ಎಲ್ಲ ದೇಶದ ಕಾನೂನಿನಲ್ಲೂ ಇದ್ದಿದ್ದರೆ ಕೊನೇಪಕ್ಷ ಒಂದು ವಾರ ಜಗಳ ಆಡಬಹುದಿತ್ತು.

ಕೌಂಟರಿನಲ್ಲಿ ನಿಂತ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಕವರ್ ಎಷ್ಟು ಮಾರಿದ್ದೀಯ ಅಂತ ಅವರನ್ನ ಕೇಳೋರು ಮೇಲಿರ್ತಾರೆ.

ಮೊನ್ನೆ ಮತ್ತೆ ಕಾರು ತಗೊಂಡೆ, ಬೇರೆ ಕಂಪನಿ. ಈ ಸಲ ಮೊದಲು ನೋಡಿದ್ದು ಬಾಡಿಗೆಯನ್ನಲ್ಲ, ಎಕ್ಸೆಸ್, ಡಿಪಾಸಿಟ್ ಎಷ್ಟು ಅಂತ. ಪಾಲಿಸಿ ಮನೆಯಿಂದಲೇ ತಗೊಂಡು ಹೋಗಿದ್ದೆ. ಕೌಂಟರಿನ 'ಪರವಾಗಿಲ್ವಾ'ಗೆ 'ಪರವಾಗಿಲ್ಲ' ಅಂದೆ, ಧ್ವನಿ ಸ್ವಲ್ಪ ನಡುಗಿತು. ಆಮೇಲೆ ಪಾರ್ಕಿಂಗಿನಲ್ಲಿ ಮೊಬೈಲ್ ಟಾರ್ಚ್ ಹಾಕ್ಕೊಂಡು, ಮಂಡಿಯೂರಿ, ಒಂದೊಂದೇ ಚಕ್ರದ ವಿಡಿಯೊ ಮಾಡ್ತಾ ಹೋದೆ. ಕೀ ಕೊಡೋಕೆ ಬಂದ ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನೋಡ್ತಾ ನಿಂತಿದ್ದ. 'ಏನಾದರೂ ಬಿದ್ದುಹೋಯ್ತಾ ಸರ್?' ಅಂದ. ಕಾರಣ ಹೇಳಿದೆ. ಅವನು ಏನೂ ಮಾತಾಡದೆ ಕಾರಿನ ಹಿಂದಕ್ಕೆ ಹೋಗಿ, ತಾನೂ ಕುಕ್ಕರಗಾಲಲ್ಲಿ ಕೂತು, ಬಂಪರಿನ ಕೆಳಗೆ ನನ್ನ ಕಣ್ಣಿಗೆ ಬೀಳದಿದ್ದ ಒಂದು ಉದ್ದನೆಯ ಗೀರಿನ ಮೇಲೆ ಬೆರಳಾಡಿಸಿ, 'ಇದನ್ನೂ ತೆಗೆದುಕೊಳ್ಳಿ' ಅಂದ.