ಪತ್ತನಾಜೆಯೊಳಗೆ ತೋಡಿನ ಕಟ್ಟದ ಪ್ಲಾಸ್ಟಿಕ್ ಮೇಲೆ ಬರಲಿ

ಕಡಲು ಹಾಳಾಯಿತು ಎಂಬ ಮಾತು ಬಂದಾಗಲೆಲ್ಲ ಕಾಸರಗೋಡಿನ ಗುಡ್ಡೆ ಕಡೆಯ ನಾವು ಅಡಿಕೆ ಕೃಷಿಕರು ಬೇಕಲದ ಪ್ರವಾಸಿಗರನ್ನೋ ಮೀನುಗಾರರ ಹರಿದ ಬಲೆಯನ್ನೋ ದೂರಿ ಸುಮ್ಮನಾಗುತ್ತೇವೆ. ಪೆರ್ಲ, ಪಡ್ರೆ ಭಾಗದ ತೋಡುಗಳ, ಅಂದರೆ ಸಣ್ಣ ಹಳ್ಳಗಳ ನೀರು ಶಿರಿಯಾ ಹೊಳೆ ಸೇರಿ ಕುಂಬಳೆ ಹತ್ತಿರ ಕಡಲಿಗೆ ಬೀಳುತ್ತದೆ. ಜತೆಗೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕುವ ನಮ್ಮ ತಾತ್ಕಾಲಿಕ ಒಡ್ಡುಗಳ, ಅಂದರೆ ಕಟ್ಟಗಳ ಪ್ಲಾಸ್ಟಿಕ್ಕೂ.

ಕಟ್ಟ ಬೇಡ ಎನ್ನುತ್ತಿಲ್ಲ, ಬೈಯಬೇಡಿ. ಕಟ್ಟ ನಿಂತರೇ ಬಾವಿಗಳಲ್ಲಿ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಗಳಲ್ಲಿ ಬೇಸಗೆಗೆ ನೀರು. ಹಿಂದೆ ಕಲ್ಲು, ಮಣ್ಣು, ಸೊಪ್ಪಿನಲ್ಲಿ ಕಟ್ಟುತ್ತಿದ್ದರು. ಈಗ ಪ್ಲಾಸ್ಟಿಕ್ ಶೀಟು, ಹೊಯಿಗೆ ತುಂಬಿದ ಸಿಮೆಂಟು ಚೀಲ. ಕೆಲಸ ಹಗುರ, ಸೋರುವುದೂ ಕಮ್ಮಿ, ಒಪ್ಪಿದೆ. ಆದರೆ ಮೇ ತಿಂಗಳಲ್ಲಿ ಆ ಚೀಲವನ್ನೊಮ್ಮೆ ಎತ್ತಿ ನೋಡಿ. ಬಿಸಿಲಿಗೆ ಪುಡಿಯಾಗಿ, ಹಿಡಿದ ಮೂಲೆಯಷ್ಟೇ ಕೈಗೆ ಬರುತ್ತದೆ. ಉಳಿದದ್ದು ಬಿಳಿ ಎಳೆಎಳೆಯಾಗಿ ನೀರಿಗೆ. ಮೊದಲ ಜೋರು ಮಳೆಗೆ ತೋಡು ಕೆಂಪಾಗಿ ಇಳಿದರೆ ಶೀಟೂ ಹೋಯಿತು, ಎಳೆಯೂ ಹೋಯಿತು. ಬಾಟ್ಲಿಯಾದರೆ ಕಡಲ ಬದಿಯಲ್ಲಿ ಹೆಕ್ಕಬಹುದು. ಈ ಎಳೆಗಳನ್ನು ಹೆಕ್ಕುವವರು ಯಾರು?

ಮೇ ಕೊನೆಗೆ ಪತ್ತನಾಜೆ ಬರುತ್ತದಲ್ಲ, ದೈವದ ಕೋಲ, ಯಕ್ಷಗಾನ ಮೇಳದ ತಿರುಗಾಟ ಎಲ್ಲ ನಿಲ್ಲುವ ದಿನ. ಕಟ್ಟ ಬಿಚ್ಚುವುದಕ್ಕೂ ಅದೇ ಗಡುವಾಗಲಿ. ಕಟ್ಟುವಾಗ ಊರಿಗೆ ಊರೇ ಸೇರುತ್ತದೆ; ಚಾ, ಅವಲಕ್ಕಿ, ಫೋಟೊ ಏನೂ ಕಮ್ಮಿಯಿಲ್ಲ. ಬಿಚ್ಚುವ ದಿನ ಯಾರಿಗೂ ಪುರುಸೊತ್ತಿಲ್ಲ! ಹಾಗಾಗಿ ಹಣ ಎತ್ತುವಾಗಲೇ ಬಿಚ್ಚುವ ಕೂಲಿಯನ್ನೂ ಸೇರಿಸಿ ಎತ್ತಬೇಕು. ಗಟ್ಟಿಯಿದ್ದ ಶೀಟು ತೊಳೆದಿಟ್ಟರೆ ಮುಂದಿನ ವರ್ಷಕ್ಕೆ ಆಯಿತು. ಹರಿದದ್ದನ್ನು ತೊಳೆದು ಒಣಗಿಸಿ, ಮನೆಮನೆಯ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ಅವರಿಗೆ ಕೊಡುವ ತಿಂಗಳ 50 ರೂಪಾಯಿಗೆ ಗೊಣಗುವವರು ಒಮ್ಮೆ ಆ ಹೆಂಗಸರು ಮೂಟೆ ಹೊತ್ತು ಗುಡ್ಡೆ ಹತ್ತುವುದನ್ನು ನೋಡಬೇಕು.

ಇನ್ನೊಂದು, ಅಡಿಕೆಗೆ ಹೊಡೆಯುವ ಮಳೆಗಾಲದ ಮದ್ದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕೊಳೆರೋಗಕ್ಕೆ ಬೇಕೇ ಬೇಕು, ಆದರೆ ತುತ್ತಿನ ತಾಮ್ರ ಮೀನು, ಸಿಗಡಿಗೆ ವಿಷ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದ್ದನ್ನು ಕಂಡ ಊರು ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೇ ನಿಷೇಧಿಸಿತು. ವಿಷ ನೀರಿಗಿಳಿದರೆ ಏನಾಗುತ್ತದೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮದ್ದು ಬೇಕಾದಷ್ಟೇ ಕಲಸಿ. ಡ್ರಮ್ಮು, ಪಂಪು ತೊಳೆಯಲು ತೋಡಿನಿಂದ ದೂರ ಒಂದು ಜಾಗ ಮಾಡಿ, ಮದ್ದಿನವರು ಬಂದ ಕೂಡಲೇ ತೋರಿಸಿಬಿಡಿ. ಇಲ್ಲವಾದರೆ ಅವರು ಹತ್ತಿರದ ನೀರಿಗೇ ಇಳಿಯುತ್ತಾರೆ.