ಇಂಜಿನ್ ಹಳೆಯದಿರಲಿ, ಟ್ರಾನ್ಸ್‌ಫಾರ್ಮರ್ ಬೇಡ

ಆಟದ ರೈಲಿನ ಹಳೇ ಸೆಟ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಇಂಜಿನ್ ಎತ್ತಿ ನೋಡುತ್ತಾರೆ. ನಾನು ಹಿಡಿದು ನೋಡುವುದು ಟ್ರಾನ್ಸ್‌ಫಾರ್ಮರಿನ ವೈರನ್ನು. ಪ್ಲಗ್ಗಿಗೆ ಹಾಕುವ ಮೊದಲೇ, ವೈರ್ ಡಬ್ಬಿಯೊಳಗೆ ಹೋಗುವ ಜಾಗದಲ್ಲಿ ಸ್ವಲ್ಪ ಬಗ್ಗಿಸಿ ನೋಡಿ. ಹಳೇ ರಬ್ಬರ್ ಬಿರುಕು ಬಿಟ್ಟು ಪುಡಿ ಬೆರಳಿಗೆ ಅಂಟುತ್ತದೆ, ಒಳಗಿನ ತಾಮ್ರ ಕಾಣುತ್ತದೆ. ಹಳಿಯಲ್ಲಿರುವುದು 12 ಅಥವಾ 18 ವೋಲ್ಟ್ ಸರಿ, ಆದರೆ ಆ ವೈರಿನಲ್ಲಿ ಹರಿಯುವುದು ಮನೆಯ ಮೇನ್ಸ್ ಕರೆಂಟು. ಅಂಥ ಟ್ರಾನ್ಸ್‌ಫಾರ್ಮರಿನ ಸ್ವಿಚ್ಚನ್ನು ಮಕ್ಕಳ ಕೈಗೆ ಕೊಡಲು ನನಗಂತೂ ಧೈರ್ಯವಿಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು 'ಎಷ್ಟು ವ್ಯಾಟ್?' ಅಂತ. ಶಾರ್ಟ್ ಆದಾಗ ಎಷ್ಟು ಬೇಗ ಕಟ್ ಆಗುತ್ತದೆ ಎಂದು ಕೇಳಬೇಕು. ನನ್ನ ಒಂದು ಬೋಗಿ ಹಳಿ ತಪ್ಪಿ ಚಕ್ರ ಎರಡೂ ಹಳಿಗೆ ಅಡ್ಡ ಬಿದ್ದು ಶಾರ್ಟ್ ಆಯಿತು. ಶಾರ್ಟ್ ಆದಾಗ ಕರೆಂಟು ಕಡಿಯುವುದು ಬ್ರೇಕರ್; ಹಳೇ ಬ್ರೇಕರ್‌ನಲ್ಲಿರುವ ಲೋಹದ ಪಟ್ಟಿ ಕಾದು ಬಾಗಿದ ಮೇಲಷ್ಟೇ ಕರೆಂಟು ನಿಲ್ಲುವುದು. ಅದು ನಿಲ್ಲುವಷ್ಟರಲ್ಲಿ ಚಕ್ರದ ಅಂಚಿನಲ್ಲಿ ಕಪ್ಪು ಗುಳಿ ಬಿದ್ದಿತ್ತು, ಪಕ್ಕದ ಪ್ಲಾಸ್ಟಿಕ್ ಮೆತ್ತಗಾಗಿತ್ತು. 18 ವೋಲ್ಟಿನಲ್ಲಿ 10 ಆಂಪಿಯರ್ ಹರಿದರೆ 180 ವ್ಯಾಟ್. ಲೋಹ ಕರಗಿಸಿ ಬೆಸೆಯುವ ಚಿಕ್ಕ ಸಾಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕು! ಶಾರ್ಟ್ ಆದ ತಕ್ಷಣ ಕಡಿಯುವ ಎಲೆಕ್ಟ್ರಾನಿಕ್ ಬ್ರೇಕರ್ ಇಲ್ಲದಿದ್ದರೆ ಆ ಟ್ರಾನ್ಸ್‌ಫಾರ್ಮರನ್ನು ಕೊಳ್ಳಲೇಬೇಡಿ.

ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತೇ ಇಲ್ಲ. ಎರಡು ಎಸಿ ಟ್ರಾನ್ಸ್‌ಫಾರ್ಮರ್‌ಗಳನ್ನು ಒಂದೇ ಹಳಿಗೆ ಜೋಡಿಸಿದ್ದೀರಿ, ಒಂದರ ಪ್ಲಗ್ ಕಿತ್ತಿರಿ ಅಂದುಕೊಳ್ಳಿ. ಚಾಲೂ ಇರುವ ಇನ್ನೊಂದರಿಂದ ಹಳಿಯ ಮೂಲಕ 18 ವೋಲ್ಟ್ ಇದರೊಳಗೆ ಉಲ್ಟಾ ನುಗ್ಗುತ್ತದೆ. ವೋಲ್ಟೇಜ್ ಇಳಿಸುವ ಸುರುಳಿಗಳೇ ಆಗ ಅದನ್ನು ಏರಿಸುತ್ತವೆ. ನಿಮ್ಮ ಕೈಯಲ್ಲಿರುವ ಪ್ಲಗ್ಗಿನ ಬರೀ ಪಿನ್ನುಗಳಲ್ಲಿ ಮೇನ್ಸಿನಷ್ಟೇ ವೋಲ್ಟೇಜ್! ದಯವಿಟ್ಟು ಎರಡನ್ನೂ ಒಂದೇ ಸ್ವಿಚ್ಚಿನ ಬೋರ್ಡಿಗೆ ಹಾಕಿ, ಆರಿಸುವಾಗ ಒಟ್ಟಿಗೇ ಆರಿಸಿ.

ಹೊಸದು ಕೊಳ್ಳುವಾಗ ತಳ ತಿರುಗಿಸಿ ನೋಡಿ. ಒಂದರೊಳಗೊಂದು ಎರಡು ಚೌಕವಿದ್ದರೆ ಡಬಲ್ ಇನ್ಸುಲೇಶನ್, ಅಂದರೆ ಕರೆಂಟು ಹೊರಬಾರದಂತೆ ಎರಡು ಪದರದ ತಡೆ ಇದೆ ಎಂದರ್ಥ. ಪುಟ್ಟ ರೈಲು ಇಂಜಿನ್ನಿನ ಗುರುತು ಆಟಿಕೆಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರಿನದು. ಒಂದೇ ಸುರುಳಿಯ ಆಟೋಟ್ರಾನ್ಸ್‌ಫಾರ್ಮರ್ ಮಾತ್ರ ಹಳಿಯ ಹತ್ತಿರ ಸುಳಿಯಬಾರದು, ಅದರಲ್ಲಿ ಮೇನ್ಸಿಗೂ ಹಳಿಗೂ ನಡುವೆ ತಡೆಯೇ ಇರುವುದಿಲ್ಲ. ಎಸಿ ರೈಲಿಗೆ ಎಸಿ, ಡಿಸಿ ರೈಲಿಗೆ ಡಿಸಿ, ಇದು ಎಲ್ಲರಿಗೂ ಗೊತ್ತಿರುವುದೇ.

ಜೋಡಿಸಿದ ಮೇಲೆ ಹಳಿಯ ಅತಿ ದೂರದ ತುದಿಗೆ ಹೋಗಿ ಒಂದು ನಾಣ್ಯವನ್ನು ಎರಡೂ ಹಳಿಗಳ ಮೇಲೆ ಅಡ್ಡ ಇಡಿ. ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಹಳಿಗೆ ಹೋಗುವ ವೈರ್ ತೀರಾ ತೆಳುವಾಗಿರಬಹುದು, ಬ್ರೇಕರಿಗೆ ಶಾರ್ಟ್ ಆದದ್ದೇ ತಿಳಿಯುವುದಿಲ್ಲ. ನಾಣ್ಯ ತೆಗೆದು, ದಪ್ಪ ವೈರ್ ಎಳೆದು, ಮತ್ತೆ ಇಟ್ಟು ನೋಡಿ.

ನನ್ನ ಹಳೇ ಟ್ರಾನ್ಸ್‌ಫಾರ್ಮರನ್ನು ಎಸೆಯಲು ಮನಸ್ಸು ಬರಲಿಲ್ಲ. ಪ್ಲಗ್ ಕತ್ತರಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ.